ಮನಿಲಾದಿಂದ ಬಂದ ಗಾರ್ಡು

ಬೋಂಡ ತಿಂದವನು ಮುನಿಶಾಮಿ, ಅಜೀರ್ಣವಾದದ್ದು ಪಂಚಪ್ಪನಿಗೆ.

ಪಂಚಪ್ಪ ಸೋಮವಾರ ಹಗಲು ಏನನ್ನೂ ತಿನ್ನುವವನಲ್ಲ. ಸಂಜೆ ಮನೆಗೆ ಹೋಗಿ, ಸ್ನಾನ ಮಾಡಿ, ಲಿಂಗಕ್ಕೆ ಮೂರು ಬಿಲ್ವದೆಲೆ ಏರಿಸಿದ ಮೇಲೆಯೇ ಅವನ ಬಾಯಿಗೆ ಒಂದು ತುತ್ತು. ಆದ್ದರಿಂದ ಆ ಸೋಮವಾರ ಬೆಳಿಗ್ಗೆ ಕ್ಯಾಂಟೀನಿನ ಸೊಣ್ಣಮ್ಮ ನಾಲ್ಕು ಬೋಂಡವನ್ನು ಕಾಗದದಲ್ಲಿ ಸುತ್ತಿ ಗೇಟಿಗೆ ತಂದುಕೊಟ್ಟಾಗ ನಾಲ್ಕೂ ಮುನಿಶಾಮಿಯ ಪಾಲಾದವು. ಕಾಗದ ನೆಲಕ್ಕೆ ಬಿತ್ತು. ಗೇಟಿನ ಮುಂದೆ ಕಸ ಬಿದ್ದರೆ ಪಂಚಪ್ಪನಿಗೆ ಮೈಮೇಲೆ ಬಿದ್ದ ಹಾಗೆ. ಬಗ್ಗಿ ಎತ್ತಿಕೊಂಡ. ಅದನ್ನು ಉಂಡೆ ಮಾಡಿ ಬುಟ್ಟಿಗೆ ಎಸೆದಿದ್ದರೆ ಅವನ ಆ ದಿನ ಉಳಿದೆಲ್ಲ ದಿನಗಳ ಹಾಗೆ ಕಳೆದುಹೋಗುತ್ತಿತ್ತು. ಆದರೆ ಅವನು ಅದನ್ನು ನೋಡಿದ.

ಯಶವಂತಪುರ ದಾಟಿ ತುಮಕೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಎಡಗಡೆ ಗಂಗೋದಕ ಪಂಪ್ ಕಾರ್ಖಾನೆ. ಅದರ ಮೇನ್ ಗೇಟಿನಲ್ಲಿ ಪಂಚಪ್ಪ ನಿಂತು ಆ ವರ್ಷಕ್ಕೆ, ಎಂದರೆ ಎಂಬತ್ತನಾಲ್ಕನೆಯ ಇಸವಿಗೆ, ಹದಿನಾಲ್ಕು ವರ್ಷ. ಬಾಗಲಕೋಟೆ ಕಡೆಯಿಂದ ಬಂದವನು. ಈ ಹದಿನಾಲ್ಕು ವರ್ಷದಲ್ಲಿ ತನ್ನ ಗೇಟಿನಿಂದ ಒಂದು ಹಿತ್ತಾಳೆ ಬುಷ್ಷೂ ಕಳ್ಳತನದಲ್ಲಿ ಹೊರಗೆ ಹೋಗಿಲ್ಲವೆಂಬುದು ಅವನ ಹೆಮ್ಮೆ. ಅದಕ್ಕೆ ಅವನದೊಂದು ಗುಟ್ಟಿತ್ತು. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕೈಚೀಲವನ್ನೂ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. "ಮಾರಿ ಸುಳ್ಳು ಹೇಳತೈತಿ, ಕೈ ಸುಳ್ಳು ಹೇಳತೈತಿ. ಕಾಲಿಗೆ ಸುಳ್ಳು ಹೇಳಾಕ ಬರೂದಿಲ್ಲೋ ಮುನಿಶಾಮಿ," ಎಂದು ಜೊತೆಯ ಗಾರ್ಡಿಗೆ ಆರು ವರ್ಷದಿಂದ ಪಾಠ ಹೇಳುತ್ತಿದ್ದ.

ಗೇಟಿನ ಒಳಮಗ್ಗುಲಲ್ಲಿ, ಅವನು ಕೂರುವ ಬೆಂಚಿನ ಪಕ್ಕದಲ್ಲಿ, ಆಳೆತ್ತರದ ಬಿಲ್ವದ ಗಿಡವೊಂದಿತ್ತು. ಅದನ್ನು ನೆಟ್ಟವಳು ಅವನ ಹೆಂಡತಿ ರತ್ನವ್ವ. ದಾಸರಹಳ್ಳಿಯ ಮನೆಯಿಂದ ಮಧ್ಯಾಹ್ನ ಒಂದು ಗಂಟೆಗೆ ಬುತ್ತಿ ತರುತ್ತಿದ್ದವಳು ಒಂದು ದಿನ ಸಸಿಯನ್ನೂ ತಂದಿದ್ದಳು. "ಹೆಂಗಿದ್ರೂ ದಿನಾ ಕಾಯ್ಕೊಂತ ನಿಂತಿರ್ತೀರಿ. ಇದನ್ನೂ ಅಷ್ಟು ಕಾಯ್ರಿ," ಎಂದಿದ್ದಳು. ಹೋದ ಶ್ರಾವಣದಲ್ಲಿ ರತ್ನವ್ವ ಶಿವನ ಪಾದ ಸೇರಿದಳು. ಗಿಡ ಉಳಿಯಿತು. ಅವಳು ಇಲ್ಲವೆಂಬುದು ಪಂಚಪ್ಪನಿಗೆ ಮನೆಯಲ್ಲಿ ಚೆನ್ನಾಗಿ ಗೊತ್ತಿತ್ತು. ಗೇಟಿನಲ್ಲಿ ಮಾತ್ರ ಒಂದು ಗಂಟೆಯ ಸೈರನ್ ಆದಾಗ ಕಣ್ಣು ತಾನಾಗಿ ರಸ್ತೆಯ ಕಡೆಗೆ ಹೋಗುತ್ತಿತ್ತು. ಪ್ರತಿ ಸೋಮವಾರ ಡ್ಯೂಟಿ ಮುಗಿದ ಮೇಲೆ ಆ ಗಿಡದ ಮೂರೆಲೆ ಕಿತ್ತು ಟೋಪಿಯಲ್ಲಿಟ್ಟುಕೊಂಡು ಮನೆಗೆ ಹೋಗುತ್ತಿದ್ದ. ಬೇರೆ ಬಿಲ್ವ ಅವನ ಪೂಜೆಗೆ ನಡೆಯುತ್ತಿರಲಿಲ್ಲ.

ಇರಲಿ, ಕಾಗದದ ವಿಷಯಕ್ಕೆ ಬರೋಣ. ಆಫೀಸಿನಲ್ಲಿ ಟೈಪು ಮಾಡಿ ಕೆಟ್ಟುಹೋದ ಹಾಳೆಗಳೆಲ್ಲ ಕ್ಯಾಂಟೀನಿಗೆ ಬರುತ್ತಿದ್ದವು. ಇದೂ ಅಂಥದೇ. ಮೇಲಿನ ಕಾಲು ಭಾಗ ಹರಿದಿತ್ತು, ನಡುವೆ ನಾಲ್ಕಾರು ಪದಗಳು ಬೋಂಡದ ಎಣ್ಣೆ ಕುಡಿದು ಮಾಯವಾಗಿದ್ದವು. ಪಂಚಪ್ಪನಿಗೆ ಇಂಗ್ಲಿಷಿನಲ್ಲಿ ಗುರುತು ಸಿಗುವ ಪದ ಒಂದೇ; ಅವನ ತೋಳಿನ ಪಟ್ಟಿಯಲ್ಲಿ ಕೆಂಪು ದಾರದಿಂದ ಹೊಲಿದಿದ್ದ ಪದ: ಗಾರ್ಡ್. ಆ ಹಾಳೆಯಲ್ಲಿ ಅದು ಆರು ಕಡೆ ಇತ್ತು.

ಅಷ್ಟರಲ್ಲಿ ಸ್ಟೋರ್ಸ್ ಗುಮಾಸ್ತ ಗಯಾಸ್, ಆರ್.ಟಿ. ನಗರದಿಂದ ಬರುವ ಬಸ್ಸನ್ನು ಎಂದಿನಂತೆ ಬೈಯುತ್ತ, ಎಂದಿನಂತೆ ತಡವಾಗಿ ಬಂದ. ಕಾರ್ಖಾನೆಯ ಕೆಳಗಿನವರಿಗೆಲ್ಲ ಇಂಗ್ಲಿಷ್ ಓದಿಹೇಳುವವನು ಅವನೇ. ಅರ್ಥವಾಗದ ಪದಕ್ಕೂ ಅರ್ಥ ಹೇಳಬಲ್ಲ ಧೈರ್ಯಸ್ಥ.

"ಗಯಾಸ್‌ಭಾಯ್, ಇದನ್ನಷ್ಟು ಓದ್ರಿ. ಭಾಳ ಕಡೆ ನಮ್ಮ ಹೆಸರ ಐತಿ."

ಗಯಾಸ್ ಕನ್ನಡಕ ಏರಿಸಿದ. "ಮಗ್ಬನುವಾ ಅಂತ ಯಾರೋ. ಊರು ಮನಿಲಾ. ಫಿಲಿಪೈನ್ಸ್ ದೇಶ. ಪ್ರೊಫೆಷನಲ್ ಗಾರ್ಡ್. ಅಂದ್ರೆ ಗುರು, ಕಸುಬಿನ ಗಾರ್ಡ್."

"ಮತ್ತ ನಾವೇನ ಹವ್ಯಾಸಕ್ಕ ನಿಂತೀವೇನು?"

"ಕೇಳು ಪೂರ್ತಿ. ಸೋಪಿನ ಕಂಪನಿ, ಮೂರು ವರ್ಷ, ಗಾರ್ಡ್. ಹಾಲಿನ ಪುಡಿ ಕಂಪನಿ, ನಾಲ್ಕು ವರ್ಷ, ಗಾರ್ಡ್. ಬೀರ್ ಕಂಪನಿ, ಎರಡು ವರ್ಷ, ಗಾರ್ಡ್."

"ಒಂಬತ್ತು ವರ್ಷದಾಗ ಮೂರು ಗೇಟು!" ಪಂಚಪ್ಪನ ಮೀಸೆ ಎದ್ದಿತು. "ಒಂದು ಕಡೇನೂ ನೆಟ್ಟಗ ನಿಂತಿಲ್ಲ. ಅದೂ ಕಡೀಕ ಸೆರೆ ಅಂಗಡಿ ಕಾಯಾಕ ಹೋಗ್ಯಾನ!"

"ಪಾಯಿಂಟ್ ಗಾರ್ಡ್, ಶೂಟಿಂಗ್ ಗಾರ್ಡ್, ಎರಡೂ ಮಾಡಿದಾನೆ."

ಪಾಯಿಂಟ್ ಎಂದರೇನೆಂದು ಅಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಕಾರ್ಖಾನೆಯ ಕಾಂಪೌಂಡಿನ ಸುತ್ತ ಏಳು ಪಾಯಿಂಟುಗಳಿದ್ದವು. ಗಂಟೆಗೊಮ್ಮೆ ಗಾರ್ಡು ಸುತ್ತು ಹಾಕಿ ಒಂದೊಂದು ಪಾಯಿಂಟಿನಲ್ಲೂ ತಾನು ಬಂದದ್ದಕ್ಕೆ ಗುರುತಾಗಿ ಕೀಲಿ ತಿರುಗಿಸಿ ಬರಬೇಕು. ಆದರೆ ಶೂಟಿಂಗ್?

"ಅಯ್ಯಯ್ಯಪ್ಪೋ, ಬಂದೂಕ!" ಎಂದ ಮುನಿಶಾಮಿ, ಮೂರನೆಯ ಬೋಂಡ ಬಾಯಲ್ಲಿಟ್ಟುಕೊಂಡು. ಅಮೃತಹಳ್ಳಿಯವನಾದ ಅವನ ಮಾತಿನಲ್ಲಿ ಹಕಾರಕ್ಕೆ ಜಾಗವಿರಲಿಲ್ಲ. "ನಮ್ಗೆ ಕೊಟ್ಟಿರೋ ಲಾಟಿಗೆ ನಾಯೀನೂ ಎದ್ರಲ್ಲ. ಅವ್ನಿಗೆ ಬಂದೂಕ ಅಂತೆ!"

"ಇನ್ನೂ ಇದೆ ಮಗಾ. ಸ್ಟೀಲ್ಸ್, ಆರುನೂರ ಹನ್ನೆರಡು."

"ಪಾತ್ರೆನಾ?"

"ಪಾತ್ರೆ ಸ್ಟೀಲ್ ಅಲ್ಲ ಕಣೋ. ಆ ಸ್ಪೆಲಿಂಗೇ ಬೇರೆ. ಇದು ಕದಿಯೋದು. ಆರುನೂರ ಹನ್ನೆರಡು ಸಲ ಕದ್ದಿದಾನೆ."



"ಅವನ ಬರಕೊಂಡಾನೇನ್ರಿ, ಅವನ ಕೈಯಾರ?" ಪಂಚಪ್ಪ ಹಾಳೆಯ ಮೇಲೆ ಬಗ್ಗಿದ.

"ಟೈಪ್ ಮಾಡ್ಸಿದಾನೆ. ಆಮೇಲೆ ಫೌಲ್ಸ್, ಸಾವಿರದ ನೂರು. ಫೌಲ್ ಅಂದ್ರೆ…" ಗಯಾಸ್ ಅರೆಗಳಿಗೆ ಯೋಚಿಸಿದ. "ಕೋಳಿ."

"ಸಾವಿರದ ನೂರು ಕೋಳಿ! ಶಿವ ಶಿವಾ!"

"ಅಸಿಸ್ಟ್ಸ್, ಎರಡು ಸಾವಿರದ ನಲವತ್ತು. ಅಂದ್ರೆ ಇನ್ನೊಬ್ಬರು ಕದಿಯೋವಾಗ ಇವನು ಕೈ ಜೋಡ್ಸಿದ್ದು. ಕಡೇ ಸಾಲು: ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಮೇನ್ ಗೇಟಿಗೆ ಬಂದು ರಿಪೋರ್ಟ್ ಮಾಡ್ಕೊಳ್ಳೋದು."

ಮುನಿಶಾಮಿ ಕೈಯೆಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು ತೀರ್ಪು ಹೇಳಿದ: "ಇವತ್ತೇ ಸ್ವಾಮ್ವಾರ. ಅಂಗಾದ್ರೆ ಪಂಚಪ್ಪಾರೇ, ಈ ಗೇಟು ಅವ್ನಿಗೆ. ನಿಮ್ಮುನ್ನ ಎಬ್ಬಾಳದ ಗೋಡೋನ್‌ಗೆ ಆಕ್ತಾರೆ."

ಹೆಬ್ಬಾಳದ ಗೋಡೌನ್ ಎಂದರೆ ಕೆರೆಯ ಪಕ್ಕದ ಒಂದು ತಗಡಿನ ಕೊಟ್ಟಿಗೆ. ಅಲ್ಲಿ ಕಾಯಬೇಕಾದದ್ದು ತುಕ್ಕು ಹಿಡಿದ ಪಂಪುಗಳನ್ನು. ಕಾಯುವವನನ್ನು ಕಾಯುತ್ತಿದ್ದುದು ಸೊಳ್ಳೆಗಳು. ಪಂಚಪ್ಪ ಸೊಳ್ಳೆಗೆ ಹೆದರಿದವನಲ್ಲ. ಅವನು ತಿರುಗಿ ಬಿಲ್ವದ ಗಿಡವನ್ನು ನೋಡಿದ. ನಾಳೆಯಿಂದ ಇದರ ಬುಡಕ್ಕೆ ನೀರು ಹಾಕುವವನು ಕೋಳಿ ಕದ್ದವನೆ? ಅವನು ಹಾಕಿಯಾನೆ? ಬಂದೂಕನ್ನು ಇದಕ್ಕೆ ಒರಗಿಸಿ ಬೀರು ಕುಡಿಯುತ್ತಾ ಕೂತಾನು!

ಅವನ ಸಿಟ್ಟು ಹಾಲಿನ ಹಾಗೆ ಉಕ್ಕಿ ಇಳಿಯುವ ಜಾತಿಯದಲ್ಲ. ಕಾರ್ಖಾನೆಯ ಬಾಯ್ಲರಿನ ಹಾಗೆ ಒಳಗೇ ಏರುವಂಥದು. "ಗಾರ್ಡ್ ಅಂದ್ರ ಏನಂತ ಇವತ್ತ ತೋರಸ್ತೀನಿ," ಎಂದು ಬೆಲ್ಟು ಬಿಗಿದುಕೊಂಡ. ಗೇಟಿನ ರಿಜಿಸ್ಟರು ತೆರೆದು ದಪ್ಪ ಅಕ್ಷರದಲ್ಲಿ ಬರೆದ:

"ಪಾಸ್ ಇಲ್ಲದೆ ಯಾರನ್ನೂ ಒಳಗೆ ಬಿಡತಕ್ಕದ್ದಲ್ಲ. ದೇವರನ್ನು ಬಿಟ್ಟು ಯಾರಿಗೂ ರಿಯಾಯಿತಿ ಇಲ್ಲ. ಗೇಟಿನ ಗಾರ್ಡು ಒಂದು ಹೆಜ್ಜೆಯೂ ಗೇಟು ಬಿಟ್ಟು ಕದಲತಕ್ಕದ್ದಲ್ಲ."

ಕೆಳಗೆ ತಾನು ಸಹಿ ಹಾಕಿ ಮುನಿಶಾಮಿಯಿಂದಲೂ ಹಾಕಿಸಿದ. ಗಯಾಸ್ ಒಳಗೆ ಹೊರಟ. ಲಾಠಿ ಅಡ್ಡ ಬಂತು.

"ಪಾಸ್ ತೋರಸ್ರಿ."

"ಅರೆ! ಈಗ ತಾನೇ ನಿಂತು ಕಾಗದ ಓದಿ ಹೇಳಿದ್ನಲ್ಲಪ್ಪಾ!"

"ಕಾಗದ ಓದಾಕ ಪಾಸ್ ಬ್ಯಾಡ. ಒಳಗ ಹೋಗಾಕ ಬೇಕು."

ಗಯಾಸನ ಪಾಸು ಊಟದ ಡಬ್ಬಿಯ ತಳದಲ್ಲಿ ಸಿಗುವ ಹೊತ್ತಿಗೆ ಅವನ ಅನ್ನವೂ ಸಾರೂ ಗೇಟಿನ ಮೇಜಿನ ಮೇಲೆ ಬೇರೆ ಬೇರೆಯಾಗಿ ಹರಡಿಕೊಂಡಿದ್ದವು. ಅವನ ಹಿಂದೆ ಸೊಣ್ಣಮ್ಮ, ಡೈರಿಯ ಹಾಲಿನ ಕ್ಯಾನು ಹೊತ್ತು.

"ಅಣ್ಣಾ, ಬೆಳಗಿಂದ ನಾಕು ಸಲ ನನ್ ಮುಖ ನೋಡಿದ್ಯಲ್ಲಣ್ಣ!"

"ಮುಖ ನೋಡಿಲ್ಲವ್ವಾ. ನಾ ಕಾಲು ನೋಡಾಂವ. ಪಾಸ್ ತೋರಸು."

ಹಾಲು ಹೊರಗೆ ನಿಂತಿತು. ಹತ್ತು ಗಂಟೆಯ ಚಹಾ ಇಡೀ ಕಾರ್ಖಾನೆಗೆ ತಪ್ಪಿತು. ಮರಳಿನ ಲಾರಿ ನಿಂತಿತು, ಅದರ ಹಿಂದೆ ಕಬ್ಬಿಣದ ಲಾರಿ, ಅದರ ಹಿಂದೆ ತುಮಕೂರಿನ ಬಸ್ಸು. ಹಾರ್ನಿನ ಸದ್ದು ಯಶವಂತಪುರದ ಸರ್ಕಲ್ಲಿಗೆ ಮುಟ್ಟಿತು. ಇಷ್ಟರ ನಡುವೆ ಹನ್ನೊಂದು ಗಂಟೆಗೆ ವರ್ಕ್ಸ್ ಮ್ಯಾನೇಜರ್ ಸಾಹೇಬರ ಅಂಬಾಸಿಡರ್ ಬಂದು ಮೂಗು ತೂರಿಸಿತು.

"ಪಾಸ್ ತೋರಸ್ರಿ ಸಾಹೇಬ್ರ."

"ಏನ್ರೀ ಪಂಚಪ್ಪ, ನಾನ್ಯಾರು ಅಂತ ಗೊತ್ತಿಲ್ವೇನ್ರೀ?"

"ಗೊತ್ತೈತ್ರಿ. ಗೊತ್ತಿದ್ದಾವ್ರನ್ನ ಬಿಡಾಕ ಗಾರ್ಡ್ ಯಾಕ ಬೇಕ್ರಿ? ಮನಿಲಾದಾಗ ಬಿಡತಾರೇನೋ, ನಮ್ಮಲ್ಲಿ ಬಿಡೂದಿಲ್ರಿ."

ಮನಿಲಾ ಎಂಬ ಮಾತು ಕೇಳಿದ್ದೇ ಸಾಹೇಬರ ಮುಖ ಅರಳಿತು. "ಓ, ವಿಷಯ ನಿಮ್ಗೂ ಗೊತ್ತಾಯ್ತಾ? ಒಳ್ಳೇದಾಯ್ತು. ಮೂರು ಗಂಟೆಗೆ ಬರ್ತಾರೆ. ಬಹಳ ದೊಡ್ಡ ಗಾರ್ಡು ಕಣ್ರೀ ಅವರು. ಅವರು ನಿಂತ ಕಡೆ ಒಬ್ಬನೂ ದಾಟಿ ಹೋಗ್ತಿರ್ಲಿಲ್ವಂತೆ. ನೀವೂ ಸ್ವಲ್ಪ ನಿಂತು ನೋಡಿ, ಅವರ ಕೆಲಸ ಅಂದ್ರೆ ಏನು ಅಂತ!"

ಕಾದ ಎಣ್ಣೆಗೆ ನೀರು ಬಿದ್ದಂತಾಯಿತು. ಅನುಮಾನವೆಂಬುದು ಇನ್ನೇನೂ ಉಳಿಯಲಿಲ್ಲ. ಪಂಚಪ್ಪ ಸಂದರ್ಶಕರ ಪುಸ್ತಕವನ್ನು ಕಾರಿನ ಕಿಟಕಿಯೊಳಗೆ ನೂಕಿದ. ಸಾಹೇಬರ ಪಾಸು ಬೇರೆ ಅಂಗಿಯಲ್ಲಿತ್ತು. ಹಿಂದೆ ಹಾರ್ನುಗಳ ಮೇಳ ನಡೆದಿತ್ತು. ಕೊನೆಗೆ ಅವರು 'ಯಾರನ್ನು ಕಾಣಬೇಕು' ಎಂಬ ಕಾಲಮ್ಮಿನಲ್ಲಿ 'ವರ್ಕ್ಸ್ ಮ್ಯಾನೇಜರ್' ಎಂದು ಬರೆದು, ತಮ್ಮನ್ನು ತಾವು ಕಾಣಲು ಒಳಗೆ ಹೋದರು. ಹೋಗುವಾಗ ಅವರ ಕಿವಿ ಕೆಂಪಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಪಂಚಪ್ಪನ ಹೊಟ್ಟೆಯಲ್ಲಿ ಹಸಿವು, ಎದೆಯಲ್ಲಿ ಅವಮಾನ. ಹದಿನಾಲ್ಕು ವರ್ಷ ನಿಯತ್ತಿನಿಂದ ನಿಂತವನಿಗೆ ಕಳ್ಳನನ್ನು ನೋಡಿ ಕಲಿ ಎನ್ನುತ್ತಾರೆ! ಗಯಾಸ್ ಬಂದು ಸಮಾಧಾನ ಹೇಳಿದ. ಸಮಾಧಾನದ ಜೊತೆಗೆ ಒಂದು ಉಪಾಯವನ್ನೂ ಹೇಳಿದ.

"ಅರ್ಜಿ ಕೊಡು ಗುರು. ಇಂಗ್ಲಿಷಲ್ಲಿ. ನಾನು ಬರೀತೀನಿ. ಸಾಹೇಬ್ರು ಓದಿದ ತಕ್ಷಣ ಓಡಿ ಬಂದು ನಿನ್ ಕೈ ಹಿಡ್ಕೋತಾರೆ."

ಅರ್ಜಿಯ ಸಾರಾಂಶ ಇಷ್ಟು: ಈ ಗೇಟಿನಲ್ಲಿ ಒಂದೋ ಮನಿಲಾದ ಗಾರ್ಡು, ಇಲ್ಲವೇ ನಾನು; ಆ ಮನುಷ್ಯ ಈ ಕಾಂಪೌಂಡಿನೊಳಗೆ ಕಾಲಿಟ್ಟ ಕ್ಷಣದಿಂದ ನನ್ನನ್ನು ಗೇಟಿನ ಕೆಲಸದಿಂದ ಬಿಡುಗಡೆ ಮಾಡತಕ್ಕದ್ದು. ಪಂಚಪ್ಪ ಸಹಿಯನ್ನು ಎಷ್ಟು ಒತ್ತಿ ಹಾಕಿದನೆಂದರೆ ಕೆಳಗಿದ್ದ ಎರಡು ಹಾಳೆಗಳ ಮೇಲೂ ಅವನ ಹೆಸರು ಮೂಡಿತು. ಅಷ್ಟರಲ್ಲಿ ಪಾಸು ತರಿಸಿಕೊಂಡು ಒಳಗೆ ಸೇರಿದ್ದ ಸೊಣ್ಣಮ್ಮ ಅದನ್ನು ಸಾಹೇಬರ ಮೇಜಿಗೆ ಮುಟ್ಟಿಸಿ ಬಂದಳು. ಸಾಹೇಬರು ಓಡಿ ಬರಲಿಲ್ಲ.

ಮೂರು ಗಂಟೆಗೆ ಸರಿಯಾಗಿ ಒಂದು ಆಟೋ ಬಂದು ನಿಂತಿತು.

ಪಂಚಪ್ಪ ನಿರೀಕ್ಷಿಸಿದ್ದದ್ದು ಬಾಗಿಲೆತ್ತರದ ಒಬ್ಬ ರಾಕ್ಷಸನನ್ನು. ಇಳಿದವನು ಅವನಿಗಿಂತ ಎರಡು ಬೆರಳು ಎತ್ತರವಿದ್ದಾನು. ಮೂವತ್ತಾರು ಮೂವತ್ತೇಳರ ಪ್ರಾಯ, ದುಂಡು ಮುಖ, ಕ್ಯಾನ್‌ವಾಸ್ ಬೂಟು, ಹೆಗಲಿಗೊಂದು ಚೀಲ, ಕೈಯಲ್ಲೊಂದು ಬಲೆಚೀಲದೊಳಗೆ ಕುಂಬಳಕಾಯಿಯಷ್ಟು ದೊಡ್ಡದಾದ ಕಂದು ಬಣ್ಣದ ಚೆಂಡು. ಎಡಗಾಲು ಕೊಂಚ ಎಳೆಯುತ್ತಿತ್ತು. ಬಂದೂಕು ಎಲ್ಲೂ ಕಾಣಲಿಲ್ಲ. ಅವನು ಹಲ್ಲು ಕಾಣುವಂತೆ ನಕ್ಕು, ಎದೆ ಮುಟ್ಟಿಕೊಂಡು ಹೇಳಿದ: "ಮಗ್ಬನುವಾ. ಗಾರ್ಡ್."

ಪಂಚಪ್ಪ ತನ್ನ ತೋಳಿನ ಪಟ್ಟಿಯನ್ನು ಬೆರಳಿನಿಂದ ಕುಟ್ಟಿ ತೋರಿಸಿ ಗುಡುಗಿದ: "ಗಾರ್ಡ್!"

ಆ ಮನುಷ್ಯನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. "ಯೂ? ಗಾರ್ಡ್? ಗುಡ್, ಗುಡ್!" ಎಂದು ಕೈ ಕುಲುಕಲು ಬಂದ.

"ಅದೆಲ್ಲಾ ಬ್ಯಾಡ." ಪಂಚಪ್ಪ ಎರಡೂ ಕೈ ಮುಂದೆ ಚಾಚಿದ. "ಪಾಸ್!"

ಮನಿಲಾದವನ ಕಣ್ಣು ಮಿಂಚಿತು. ಚಕ್ಕನೆ ಬಲೆಯಿಂದ ಚೆಂಡು ತೆಗೆದು ಪಂಚಪ್ಪನ ಎದೆಗೆ ನೇರವಾಗಿ ಎಸೆದ. ಟೋಪಿ ಹಾರಿ ಬಿತ್ತು. ಹದಿನಾಲ್ಕು ವರ್ಷದಲ್ಲಿ ಪಾಸು ಕೇಳಿದ್ದಕ್ಕೆ ಬೈಗಳು ಬಂದಿದ್ದವು, ಮೊರೆ ಬಂದಿತ್ತು, ಒಮ್ಮೆ ಶಾಪವೂ ಬಂದಿತ್ತು, ಕುಂಬಳಕಾಯಿ ಬಂದಿರಲಿಲ್ಲ. ಪಂಚಪ್ಪ ಅದನ್ನು ತಿರುಗಿ ಅವನತ್ತ ಬೀಸಿದ.

"ಪಾಸ್ ಕೇಳಿದ್ರ ಹೊಡೀತೀಯೇನ್ಲೇ? ಪಾಸ್! ಪಾಸ್!"

ಮತ್ತೆ ಬಂತು ಚೆಂಡು, ಈ ಸಲ ಇನ್ನೂ ಬಿಗಿಯಾಗಿ.

"ಪಂಚಪ್ಪಾರೇ, ಕೇಳ್‌ಬ್ಯಾಡಿ," ಎಂದು ಮುನಿಶಾಮಿ ಕಾವಲು ಗೂಡಿನ ಹಿಂದಿನಿಂದ ಕೂಗಿದ. "ನೀವು ಕೇಳಿದಂಗೆಲ್ಲಾ ಒಡೀತಾನೆ!"

ಪಂಚಪ್ಪ ಚೆಂಡನ್ನು ನೆಲಕ್ಕೆ ಬಡಿದು, ಸಣ್ಣ ಗೇಟಿನ ಬಾಯಿಗೆ ಬಂದು, ಕಾಲಗಲಿಸಿ, ಎರಡು ಕೈಯನ್ನೂ ಚಾಚಿ ನಿಂತ. ಪುಟಿದ ಚೆಂಡನ್ನು ಹಿಡಿದುಕೊಂಡ ಮನಿಲಾದವನು ಅದನ್ನು ನೋಡಿ ತಲೆಯಾಡಿಸಿದ. ಇದು ಈ ದೇಶದ ಸ್ವಾಗತವೆಂದುಕೊಂಡನೋ ಏನೋ. ಟಪ್, ಟಪ್ ಎಂದು ಚೆಂಡು ಪುಟಿಸುತ್ತ ಮುಂದೆ ಬಂದ. ಎಡಕ್ಕೆ ನೋಡಿ ಬಲಕ್ಕೆ ನುಗ್ಗಿದ. ಪಂಚಪ್ಪ ಅಲ್ಲಿದ್ದ. ಭುಜ ಬಲಕ್ಕೆ ಕುಣಿಸಿ ಎಡಕ್ಕೆ ಹಾರಿದ. ಪಂಚಪ್ಪ ಅಲ್ಲಿಯೂ ಇದ್ದ. ಬುಗುರಿಯ ಹಾಗೆ ಒಂದು ಸುತ್ತು ತಿರುಗಿ ಬಗ್ಗಿ ಬಂದ. ಖಾಕಿಯ ಗುಂಡಿ ಮೂಗಿಗೆ ತಗುಲಿತು.

ಯಂತ್ರಗಳು ನಿಂತವು. ಫೌಂಡ್ರಿಯವರು ಕಾಂಪೌಂಡಿನ ಗೋಡೆ ಹತ್ತಿದರು. ಸೊಣ್ಣಮ್ಮ ಸೌಟು ಹಿಡಿದೇ ಬಂದಳು. "ಬಿಡಬೇಡ ಗುರೂ!" ಎಂದು ಗಯಾಸ್ ಅರಚಿದ. ಕಾಲು ಗಂಟೆ ನಡೆಯಿತು ಆ ಕಾಳಗ. ಮನಿಲಾದವನ ಕಣ್ಣು ಹತ್ತು ಸುಳ್ಳು ಹೇಳಿತು, ಕೈ ಇಪ್ಪತ್ತು ಹೇಳಿತು. ಪಂಚಪ್ಪ ಯಾವುದನ್ನೂ ನೋಡಲಿಲ್ಲ. ಅವನ ದೃಷ್ಟಿ ಆ ಕ್ಯಾನ್‌ವಾಸ್ ಬೂಟಿನ ಮೇಲೆಯೇ. ಬೂಟು ಹೊರಳುವ ಮೊದಲೇ ಇವನು ಹೊರಳಿರುತ್ತಿದ್ದ. ಕೊನೆಗೊಮ್ಮೆ ಎಡಗಾಲು ಅರೆಕ್ಷಣ ತಡೆಯಿತು. ಪಂಚಪ್ಪ ಕೈ ಹಾಕಿ ಚೆಂಡನ್ನು ಕಸಿದು ಕಂಕುಳಲ್ಲಿ ಅಮುಕಿಕೊಂಡ.

ಮನಿಲಾದವನು ಸೊಂಟದ ಮೇಲೆ ಕೈಯಿಟ್ಟು ನಿಂತ. ಆಮೇಲೆ ಎರಡು ಕೈ ಎತ್ತಿ ಕೂಗಿದ: "ಸ್ಟೀಲ್! ಬ್ಯೂಟಿಫುಲ್ ಸ್ಟೀಲ್!"

ಬೆಳಿಗ್ಗೆಯೇ ಕಲಿತಿದ್ದ ಪದ. ಪಂಚಪ್ಪನ ಬಾಯ್ಲರು ಆಗ ಸಿಡಿಯಿತು. "ಯಾರಿಗಲೇ ಕಳ್ಳ ಅಂತಿ? ಆರುನೂರ ಹನ್ನೆರಡು ಕಳವು ಮಾಡಿದಾಂವ ನೀ! ಸಾವಿರದ ನೂರು ಕೋಳಿ ತಿಂದಾಂವ ನೀ! ನನಗ ಕಳ್ಳ ಅಂತೀಯೇನ್ಲೇ?" ಎಂದು ಲಾಠಿ ಎತ್ತಿಬಿಟ್ಟ.

"ಪಂಚಪ್ಪಾ!" ಮ್ಯಾನೇಜರ್ ಸಾಹೇಬರು ಕೋಟು ಬಿಟ್ಟು ಓಡಿ ಬಂದಿದ್ದರು. "ಯಾವ ಕೋಳಿ ರೀ?"

ಎಣ್ಣೆಯ ಹಾಳೆ ಹೊರಬಂತು. ಸಾಹೇಬರು ಓದಿದರು. ಎಣ್ಣೆಯ ಕಲೆಯ ಮೇಲೆ ಬೆರಳಿಟ್ಟು, "ಇಲ್ಲಿ ಬ್ಯಾಸ್ಕೆಟ್‌ಬಾಲ್ ಅಂತ ಇತ್ತು," ಎಂದರು. ಗಯಾಸನಿಗೆ ಸ್ಟೋರ್ಸಿನಲ್ಲಿ ತುರ್ತು ಕೆಲಸ ನೆನಪಾಯಿತು.

ಕಾರ್ಖಾನೆಯ ಹಿಂದೆ ಎರಡು ಕಂಬಗಳಿಗೆ ತಳವಿಲ್ಲದ ಬುಟ್ಟಿ ಕಟ್ಟಿ ಅಪ್ರೆಂಟಿಸ್ ಹುಡುಗರು ಚೆಂಡು ಎಸೆಯುವುದನ್ನು ಪಂಚಪ್ಪನೂ ನೋಡಿದ್ದ. ಆ ಆಟದಲ್ಲಿಯೂ ಗಾರ್ಡುಗಳಿರುವರೆಂದು ಅವನಿಗೆ ಯಾರು ಹೇಳಿದ್ದರು? ಸಾಹೇಬರು ಹೇಳಿದರು. ಆ ದೇಶದಲ್ಲಿ ಈ ಆಟವೇ ಹೊಟ್ಟೆಪಾಡು. ತಂಡಗಳಿಗೆಲ್ಲ ಕಂಪನಿಗಳದೇ ಹೆಸರು. ಸೋಪಿನವರದೊಂದು, ಹಾಲಿನ ಪುಡಿಯವರದೊಂದು, ಬೀರಿನವರದೊಂದು. ಕದಿಯುವುದೆಂದರೆ ಎದುರಾಳಿಯ ಕೈಯಿಂದ ಚೆಂಡು ಕಸಿಯುವುದು. ಫೌಲು ಎಂದರೆ ಮೈಮೇಲೆ ಬೀಳುವ ತಪ್ಪು. ಪಾಸ್ ಎಂದರೆ ಚೆಂಡನ್ನು ಇನ್ನೊಬ್ಬನಿಗೆ ಕೊಡುವುದು. ಈತ ನಮ್ಮ ಹುಡುಗರಿಗೆ ಕಲಿಸಲು ಬಂದಿದ್ದಾನೆ, ಅಷ್ಟೆ.

ಗೋಡೆಯ ಮೇಲಿನವರು ನಕ್ಕ ನಗೆಗೆ ಕಾಗೆಗಳು ಎದ್ದವು. ಪಂಚಪ್ಪನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಉಸಿರು ಬಂತು. ಗೇಟು ಉಳಿಯಿತು. ಗಿಡ ಉಳಿಯಿತು.

"ಮತ್ತ ಆ ಬೀರಿನ ಕಂಪನಿ ಯಾಕ ಬಿಟ್ರಂತ್ರಿ?" ಎಂದು ಮೆತ್ತಗೆ ಕೇಳಿದ.

ಸಾಹೇಬರು ಕೇಳಿ, ಉತ್ತರವನ್ನು ಕನ್ನಡದಲ್ಲಿ ಹೇಳಿದರು: "ಮಂಡಿ ಹೋಯ್ತಂತೆ. ಸೋಪಿನವರು ಒಂದು ದಿನ ಹೇಳದೆ ಕೇಳದೆ ಇವರನ್ನ ಹಾಲಿನ ಪುಡಿಯವರಿಗೆ ಕೊಟ್ಟರು, ಅವರು ಬೀರಿನವರಿಗೆ ಕೊಟ್ಟರು. ಅಲ್ಲಿ ಇಪ್ಪತ್ತೆರಡರ ಹೊಸ ಹುಡುಗ ಬಂದ. ಇವರನ್ನ ಬೆಂಚಿನ ಮೇಲೆ ಕೂರಿಸಿಬಿಟ್ಟರು."

"ಬೆಂಚ್ ಕೊಟ್ರ ಅಳೂದ್ಯಾಕ್ರಿ? ನನಗ ಹದಿನಾಲ್ಕು ವರ್ಷದಿಂದ ಕೊಟ್ಟಾರ." ಆದರೆ ಹೇಳದೆ ಕೇಳದೆ ಗೇಟು ಬಿಡಿಸುವ ಮಾತು ಪಂಚಪ್ಪನ ಎದೆಗೆ ತಾಗಿತು. ಬೆಳಗಿನಿಂದ ತಾನು ಪಟ್ಟ ಸಂಕಟವನ್ನು ಈ ಮನುಷ್ಯ ಮೂರು ಸಲ ಪಟ್ಟಿದ್ದಾನೆ. ಅವನು ಚೆಂಡನ್ನು ಖಾಕಿಯ ತೋಳಿನಿಂದ ಒರೆಸಿ ಕೊಟ್ಟ. "ತಪ್ಪಾತ್ರಿ, ಬರ್ರಿ," ಎಂದು ತಾನೇ ಕೈ ಹಿಡಿದು ಮನಿಲಾದವನನ್ನು ಗೇಟಿನೊಳಗೆ ಕರೆತಂದು ತನ್ನ ಬೆಂಚಿನ ಮೇಲೆ ಕೂರಿಸಿದ.

ಸಾಹೇಬರು ಅದನ್ನೇ ಕಾಯುತ್ತಿದ್ದವರಂತೆ ಜೇಬಿನಿಂದ ಒಂದು ಕಾಗದ ತೆಗೆದರು.

"ನಿಮ್ಮ ಅರ್ಜಿ. ಇವರು ಕಾಂಪೌಂಡಿನೊಳಗೆ ಕಾಲಿಟ್ಟ ಕ್ಷಣದಿಂದ ಗೇಟಿನ ಕೆಲಸದಿಂದ ಬಿಡುಗಡೆ ಮಾಡಿ ಅಂತ ಬರೆದಿದೀರಿ. ನಾನು ಎರಡೂವರೆಗೇ ಮಂಜೂರು ಮಾಡಿದೀನಿ. ಈಗ ಕಾಲಿಟ್ಟಾಯ್ತು."

"ಸಾಹೇಬ್ರ, ಅದು ಸಿ… ಸಿಟ್ಟಿನಾಗ ಬರೆಸಿದ್ದು ರೀ!"

"ಇಂಗ್ಲಿಷಲ್ಲಿ ಸಿಟ್ಟೇನೂ ಕಾಣ್ತಿಲ್ಲ, ಬಹಳ ಮರ್ಯಾದೆಯಾಗಿದೆ. ಮುನಿಶಾಮಿ, ಇವತ್ತಿನಿಂದ ಈ ಗೇಟಿಗೆ ನೀನೇ." ಸಾಹೇಬರ ಕಿವಿ ಈಗಲೂ ಕೊಂಚ ಕೆಂಪಗಿತ್ತು. "ಹೆಬ್ಬಾಳಕ್ಕೆ ಹಾಕೋಣ ಅಂತಿದ್ದೆ. ಆದ್ರೆ ಇವರು ಕೇಳ್ಕೋತಿದಾರೆ: ಒಂಬತ್ತು ವರ್ಷದ ಆಟದಲ್ಲಿ ನನ್ನ ಹೀಗೆ ತಡೆದವನು ಇನ್ನೊಬ್ಬನಿಲ್ಲ, ಇವನನ್ನ ನನಗೆ ಕೊಡಿ ಅಂತ. ಹಿಂದಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಹೋಗಿ. ಸಂಜೆ ಆರರ ತನಕ ಅಲ್ಲೇ ಡ್ಯೂಟಿ. ಕೈ ಚಾಚಿ ನಿಲ್ಲೋದು, ಹುಡುಗರು ನಿಮ್ಮನ್ನ ದಾಟಿ ಹೋಗೋದು ಅಭ್ಯಾಸ ಮಾಡ್ತಾರೆ."

ಮಾತಾಡಲು ಬಾಯಿ ತೆರೆದ ಪಂಚಪ್ಪನ ಮೇಲೆ ಯಾರೋ ಏಳನೆಯ ನಂಬರಿನ ಬನಿಯನ್ ಏರಿಸಿದರು. ತೋಳಿಲ್ಲದ ಬನಿಯನ್, ಪಟ್ಟಿ ಹೊಲಿಯಲು ಜಾಗವೇ ಇರಲಿಲ್ಲ.

ಮೊದಲ ಅರ್ಧ ಗಂಟೆ ಹನ್ನೆರಡು ಹುಡುಗರಲ್ಲಿ ಒಬ್ಬನೂ ಅವನನ್ನು ದಾಟಲಿಲ್ಲ. ಆಗ ಮನಿಲಾದವನು ಬಂದು, ಬೆನ್ನು ತಟ್ಟಿ, ಕೈಸನ್ನೆಯಿಂದ ತಿಳಿಸಿದ: ಹುಡುಗರ ಧೈರ್ಯ ಕುಂದುತ್ತದೆ, ದಾಟಲು ಬಿಡು. ಬಿಡುವುದು! ಹದಿನಾಲ್ಕು ವರ್ಷದ ಗಾರ್ಡು, ಬೆಳಿಗ್ಗೆ ಸಾಹೇಬರನ್ನೇ ತಡೆದವನು, ಮೀಸೆ ಮೂಡದವರನ್ನು ಒಬ್ಬೊಬ್ಬರನ್ನಾಗಿ ಬಿಟ್ಟ. ಅವರು "ಪಾಸ್! ಪಾಸ್!" ಎಂದು ಅರಚುತ್ತ ಅವನ ಎಡಕ್ಕೂ ಬಲಕ್ಕೂ ನುಗ್ಗಿ ಹೋದರು. ಅಷ್ಟು ಜನ ಕೂಗಿದರು. ಒಬ್ಬನ ಹತ್ತಿರವೂ ಒಂದು ಪಾಸಿರಲಿಲ್ಲ.

ಆರು ಗಂಟೆಗೆ ಪಂಚಪ್ಪ ಕಾಲೆಳೆಯುತ್ತ ಗೇಟು ದಾಟಿ ಹೊರಗೆ ಬಂದ. ಬಸ್ ಸ್ಟಾಪಿಗೆ ನಾಲ್ಕು ಹೆಜ್ಜೆ ಹಾಕಿದವನಿಗೆ ನೆನಪಾಯಿತು: ಸೋಮವಾರ, ಬಿಲ್ವ ಕಿತ್ತಿಲ್ಲ. ತಿರುಗಿ ಬಂದ. ಲಾಠಿ ಅಡ್ಡ ಬಂತು.

"ಪಾಸ್ ತೋರ್ಸಿ," ಎಂದ ಮುನಿಶಾಮಿ.

"ಏ, ನಾನೋ! ಗೇಟಿನ ಗಾರ್ಡಿಗೆ ಯಾವಾಗ ಪಾಸ್ ಕೊಟ್ಟಾರೋ?"

"ಗೊತ್ತು ಪಂಚಪ್ಪಾರೇ. ಡ್ಯೂಟಿ ಮುಗಿಸ್ಕೊಂಡು ಒರಗೆ ಓದೋರು ಒಳಗೆ ಬರಾಕೆ ಪಾಸ್ ಬೇಕು. ರಿಜಿಸ್ಟರ್‌ನಾಗೆ ನೀವೇ ಬರೆದಿರಾದು. ನನ್ ಸಯಿ ಬ್ಯಾರೆ ಐತೆ."

"ಮೂರು ಎಲಿ ಅಷ್ಟ ಮಾರಾಯಾ! ಮುಂಜಾನಿಂದ ಉಪಾಸ ಇದ್ದೀನಿ. ರತ್ನವ್ವನ ಗಿಡ ಅದು."

ಮುನಿಶಾಮಿಯ ಕಣ್ಣು ಒದ್ದೆಯಾಯಿತು. ಲಾಠಿ ಮಾತ್ರ ಅಲುಗಲಿಲ್ಲ. "ನಂಗೂ ವಟ್ಟೆ ಉರೀತೈತೆ ಕಣ್ರೀ. ಆದ್ರೆ ದೇವ್ರನ್ನ ಬಿಟ್ಟು ಯಾರ್ಗೂ ಇಲ್ಲ ಅಂತ ಬರೆದಿದೀರಿ. ನೀವು ದೇವ್ರಾ?"

"ಹಂಗಾದ್ರ ನೀನಾದ್ರೂ ಕಿತ್ತು ತಂದು ಕೊಡು."

"ಗೇಟ್ ಬಿಟ್ಟು ಒಂದೆಜ್ಜೆ ಕದಲಂಗಿಲ್ವಲ್ಲ."

ಗಿಡ ಅಲ್ಲೇ, ಹತ್ತು ಅಡಿ ದೂರದಲ್ಲಿ, ಸಂಜೆಯ ಗಾಳಿಗೆ ಎಲೆಯಾಡಿಸುತ್ತಿತ್ತು. ಪಂಚಪ್ಪ ಟೋಪಿ ಸರಿಮಾಡಿಕೊಂಡ. ಸುತ್ತ ನೋಡಿದ. ಮಧ್ಯಾಹ್ನ ಕಂಡಿದ್ದೆಲ್ಲ ಅವನಿಗೆ ನೆನಪಿತ್ತು. ಕಣ್ಣನ್ನು ಎಡಕ್ಕೆ ತಿರುಗಿಸಿ, ಭುಜವನ್ನು ಎಡಕ್ಕೆ ಕುಣಿಸಿ, ಶಿವಾ ಎಂದು ಬಲಕ್ಕೆ ನುಗ್ಗಿದ.

ಮುನಿಶಾಮಿ ಬಲಕ್ಕೇ ಇದ್ದ. ಅವನು ಪಂಚಪ್ಪನ ಕಾಲನ್ನೇ ನೋಡುತ್ತಿದ್ದ.